ಅರವತ್ತಕ್ಕೆ ಅರಳು ಮರಳು ಎನ್ನುವ ಮೊದಲು: ಹಿರಿಯರ ಮರೆವನ್ನು ಜರಡಿ ಹಿಡಿಯುವ ಕ್ರಮ

ಅಪ್ಪ ಸಂತೆಯಿಂದ ಬರುವಾಗ ಕೊಡೆ ಬಿಟ್ಟು ಬಂದರು. ಅಮ್ಮ ಒಂದೇ ಮಾತನ್ನು ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದರು. ಎರಡಕ್ಕೂ ಮನೆಯಲ್ಲಿ ಸಿಗುವ ಉತ್ತರ ಒಂದೇ: “ಅರವತ್ತಕ್ಕೆ ಅರಳು ಮರಳು, ಬಿಡಿ.” ಈ ಗಾದೆ ವಿಚಾರಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ, ಅದೇ ಅದರ ತೊಂದರೆ. ಕೊಡೆ ಮರೆತದ್ದು ಬಹುಶಃ ಏನೂ ಅಲ್ಲ. ನಾಲ್ಕು ಸಲ ಕೇಳಿದ್ದರ ಹಿಂದೆ ಕಿವಿಯ ಗುಗ್ಗೆ ಇರಬಹುದು, ಥೈರಾಯ್ಡ್ ಇರಬಹುದು, ನೆಗಡಿಗೆಂದು ನುಂಗುತ್ತಿರುವ ಮಾತ್ರೆ ಇರಬಹುದು, ನಿಜಕ್ಕೂ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗಿ ದಿನದ ಕೆಲಸವನ್ನೇ ಕೆಡಿಸುವ ಮಿದುಳಿನ ಕಾಯಿಲೆ, ಇರಬಹುದು.

2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಂದಾಜಿನಂತೆ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು ಶೇ. 7.4, ಸುಮಾರು 88 ಲಕ್ಷ ಜನ. ಸಂಖ್ಯೆ ಸಣ್ಣದಲ್ಲ. ಆದರೆ ಅದನ್ನೇ ತಿರುಗಿಸಿ ಓದಿದರೆ ನೂರರಲ್ಲಿ 92 ಮಂದಿಗೆ ಆ ಕಾಯಿಲೆ ಇಲ್ಲ. ಗಾದೆ ಹೇಳುವಷ್ಟು ಅರಳು ಮರಳು ಅರವತ್ತರಲ್ಲಿ ಇಲ್ಲವೇ ಇಲ್ಲ.

ಕೆಳಗಿನ ಹಂತಗಳನ್ನು ಈ ಕ್ರಮದಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ತುರ್ತಾದದ್ದು ಮೊದಲು, ಖರ್ಚಿಲ್ಲದೆ ಸರಿಹೋಗುವುದು ಆಮೇಲೆ, ಸ್ಕ್ಯಾನಿಂಗು ಕೊನೆಗೆ. ಬಹಳ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ: ಎಂಆರ್‌ಐ ಮೊದಲು, ಮಾತ್ರೆ ಡಬ್ಬಿ ತೆರೆದು ನೋಡುವುದು ಎಂದೂ ಇಲ್ಲ.

ವಯಸ್ಸು ನಿಜಕ್ಕೂ ಕಸಿಯುವುದೇನು

ವಯಸ್ಸು ಮೊದಲು ಮುಟ್ಟುವುದು ವೇಗವನ್ನು. ಲೆಕ್ಕ ಬಿಡಿಸುವ, ಮಾತಿಗೆ ಮಾತು ಕೊಡುವ, ಹೊಸ ಫೋನು ಕಲಿಯುವ ವೇಗ ಇಪ್ಪತ್ತರ ದಶಕ ದಾಟಿದಾಗಿನಿಂದಲೇ ಮೆಲ್ಲಗೆ ಇಳಿಯುತ್ತಾ ಬರುತ್ತದೆ. ಪದಸಂಪತ್ತು ಹಾಗಲ್ಲ, ಅದು ಅರವತ್ತರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರಬಹುದು. ಹೆಸರು ನಾಲಿಗೆ ತುದಿಯಲ್ಲಿ ನಿಂತು ಅರ್ಧ ಗಂಟೆ ಬಿಟ್ಟು ನೆನಪಾದರೆ, ಎರಡು ಕೆಲಸ ಒಟ್ಟಿಗೆ ಮಾಡಲು ಹೋಗಿ ಹಾಲು ಉಕ್ಕಿದರೆ, ಕೋಣೆಗೆ ಬಂದು “ಯಾಕೆ ಬಂದೆ?” ಎಂದು ನಿಂತರೆ, ಅದು ವಯಸ್ಸಿನ ಖಾತೆಗೆ ಹೋಗಲಿ.

ವಯಸ್ಸಿನ ಖಾತೆಗೆ ಬರೆಯಬಾರದವು ಬೇರೆ. ಐವತ್ತು ವರ್ಷ ಸಾರು ಮಾಡಿದ ಕೈ ಹುಣಿಸೆಹುಳಿ ಹಾಕಿದೆನೋ ಇಲ್ಲವೋ ಎಂದು ತಡಕಾಡುವುದು. ದಿನಾ ಹೋಗುವ ದೇವಸ್ಥಾನದಿಂದ ಮನೆಗೆ ದಾರಿ ತಪ್ಪುವುದು. ನಿನ್ನೆಯ ಮದುವೆಯಲ್ಲಿ ಊಟ ಮಾಡಿದ್ದು, ನೆನಪಿಸಿ ಕೊಟ್ಟರೂ, ಪೂರ್ತಿ ಅಳಿಸಿಹೋಗಿರುವುದು. ಕನ್ನಡಕ ಎಲ್ಲೋ ಇಟ್ಟು ಮರೆಯುವುದು ಒಂದು, ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಕೆಲಸದವಳು ಕದ್ದಳೆಂದು ವಾದಿಸುವುದು ಇನ್ನೊಂದು.

ಅಳೆಯಬೇಕಾದದ್ದು ಅವರ ಹಿಂದಿನ ಅಳತೆಯಿಂದಲೇ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು ಚಿಲ್ಲರೆ ಲೆಕ್ಕ ತಪ್ಪಿದರೆ ಅದು ಸುದ್ದಿ. ಜೀವನದಲ್ಲಿ ಒಮ್ಮೆಯೂ ಚೆಕ್ ಬರೆಯದ ಅಜ್ಜಿಗೆ ಚೆಕ್ ಬರೆಯಲು ಬರದಿದ್ದರೆ ಅದು ಸುದ್ದಿಯಲ್ಲ.

ಹಂತ 1: ಯಾವಾಗಿನಿಂದ?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ನಿಮಿಷ, ಗಂಟೆಗಳಲ್ಲಿ ಬಂತು ಎಂದರೆ ಪಾರ್ಶ್ವವಾಯುವನ್ನು ಮೊದಲು ನೆನೆಯಿರಿ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೇ ನೋಡಿ. ಎರಡು ಕೈ ಎತ್ತಿಸಿ, ಒಂದು ಕೆಳಗೆ ಜಾರುತ್ತದೆಯೇ ನೋಡಿ. ಒಂದು ವಾಕ್ಯ ಹೇಳಿಸಿ, ಮಾತು ತೊದಲುತ್ತದೆಯೇ ಕೇಳಿ. ಒಂದಿದ್ದರೂ 108. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದು ಲಕ್ಷಣ ಶುರುವಾದ ಕ್ಷಣದಿಂದ ಎಣಿಕೆಯಾಗುತ್ತದೆ, ನೀವು ಆಸ್ಪತ್ರೆ ತಲುಪಿದ ಕ್ಷಣದಿಂದಲ್ಲ. ಹಾಗಾಗಿ “ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ” ಎಂದು ಚೀಟಿಯಲ್ಲಿ ಬರೆದುಕೊಂಡೇ ಹೊರಡಿ.

ಒಂದೆರಡು ದಿನಗಳಲ್ಲಿ ಬಂತು, ಒಮ್ಮೆ ಸರಿ ಇರುತ್ತಾರೆ, ಒಮ್ಮೆ ಮಂಪರು, ಗೋಡೆಯ ಮೇಲೆ ಏನೋ ಕಾಣುತ್ತದೆ ಎನ್ನುತ್ತಾರೆ ಎಂದರೆ ಅದು ಸನ್ನಿ, ವೈದ್ಯರ ಭಾಷೆಯಲ್ಲಿ ಡೆಲಿರಿಯಂ. ಇದು ಡಿಮೆನ್ಶಿಯಾ ಅಲ್ಲ, ದೇಹದಲ್ಲಿ ಬೇರೆಲ್ಲೋ ಬೆಂಕಿ ಬಿದ್ದಿದೆ ಎನ್ನುವ ಹೊಗೆ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಕುಡಿಯದಿರುವುದು, ವಾರದ ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಸೋಡಿಯಂ ಇಳಿದಿರುವುದು ಸಾಮಾನ್ಯ ಕಾರಣಗಳು. ವಯಸ್ಸಾದವರಲ್ಲಿ ಸೋಂಕಿಗೆ ಜ್ವರ ಬಂದೇ ಬರಬೇಕೆಂದಿಲ್ಲ, ಗಲಿಬಿಲಿಯೇ ಮೊದಲ ಲಕ್ಷಣ ಆಗಿರಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಎರಡು ದಿನ ವಾಂತಿ ಭೇದಿ ಮಾಡಿಕೊಂಡು ಬರೀ ಗಂಜಿ ನೀರಿನಲ್ಲಿದ್ದರೆ ಸೋಡಿಯಂ ಕುಸಿಯುವುದು ತೀರಾ ಸುಲಭ. ಸಹಜ ಮಟ್ಟ 135ರಿಂದ 145. ಇಂಥ ಗಲಿಬಿಲಿ ಕಂಡ ದಿನವೇ ಆಸ್ಪತ್ರೆಗೆ.

ಸಕ್ಕರೆ ಕಾಯಿಲೆಯವರು ಬೆಳಗಿನ ಜಾವ ಅಥವಾ ಊಟ ತಡವಾದಾಗ ಬೆವರಿ, ಒಗಟಾಗಿ ಮಾತನಾಡಿದರೆ ಗ್ಲೂಕೋಮೀಟರಿಗೆ ಮೊದಲು ಕೈ ಹಾಕಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ನುಂಗಲಾರದ ಸ್ಥಿತಿಯಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ. ಗ್ಲಿಬೆಂಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆಯವರಲ್ಲಿ ಇದು ಒಮ್ಮೆ ಸರಿಹೋಗಿ ಮತ್ತೆ ಇಳಿಯಬಹುದು, ಆದ್ದರಿಂದ ಸಕ್ಕರೆ ಕೊಟ್ಟ ಮೇಲೆ ಊಟವನ್ನೂ ಮಾಡಿಸಿ, ಮಾತ್ರೆಯ ಪ್ರಮಾಣದ ಬಗ್ಗೆ ಅದೇ ವಾರ ವೈದ್ಯರನ್ನು ಕೇಳಿ.

ವಾರಗಳು, ಒಂದೆರಡು ತಿಂಗಳು ಎಂದರೆ ಬಿದ್ದ ನೆನಪನ್ನು ಕೆದಕಿ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಪೆಟ್ಟು, ಆಗ ಏನೂ ಆಗಲಿಲ್ಲ, ಮೂರು ನಾಲ್ಕು ವಾರದ ಮೇಲೆ ತಲೆನೋವು, ತೂಕಡಿಕೆ, ಮರೆವು. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗಿ, ಅದರ ಹೊದಿಕೆಗೆ ಸೇರುವ ಸಣ್ಣ ರಕ್ತನಾಳಗಳು ಎಳೆದಂತಾಗಿರುತ್ತವೆ. ಹರಿದರೆ ರಕ್ತ ನಿಧಾನಕ್ಕೆ ಜಿನುಗುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ಅಪಾಯ ಹೆಚ್ಚು. ಒಂದು ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ಹೊರತೆಗೆದರೆ ಬಹಳಷ್ಟು ಮಂದಿ ಮೊದಲಿನಂತಾಗುತ್ತಾರೆ.

ವರ್ಷಗಳಲ್ಲಿ ಮೆಲ್ಲಗೆ ಬಂದದ್ದಾದರೆ ಗಾಬರಿ ಬೇಡ, ಮುಂದಿನ ಹಂತಗಳಿಗೆ ಸಮಯವಿದೆ. ಒಂದು ಅಪವಾದ: ವಯಸ್ಸು 65ಕ್ಕಿಂತ ಕಡಿಮೆಯಿದ್ದು ಮರೆವಿಗಿಂತ ಸ್ವಭಾವವೇ ಬದಲಾಗಿದ್ದರೆ, ಅಂದರೆ ನಾಚಿಕೆ ಬಿಟ್ಟ ಮಾತು, ಸಿಹಿಗೆ ಮುಗಿಬೀಳುವುದು, ಮನೆಯವರ ನೋವು ತಟ್ಟದಿರುವುದು ಇದ್ದರೆ, ನೇರವಾಗಿ ನರರೋಗ ತಜ್ಞರ ಬಳಿಗೆ ಹೋಗಿ. ಇಂಥವರನ್ನು ವರ್ಷಗಟ್ಟಲೆ ‘ಗುಣ ಕೆಟ್ಟಿದೆ’ ಎಂದೋ ‘ಗ್ರಹಚಾರ’ ಎಂದೋ ಬಿಟ್ಟಿರುವುದೇ ಹೆಚ್ಚು.

ಹಂತ 2: ಎರಡು ವಾರದ ಪುಸ್ತಕ

ಸಣ್ಣ ನೋಟ್‌ಬುಕ್ಕು, ದಿನಕ್ಕೆ ನಾಲ್ಕು ಸಾಲು. ಏನಾಯಿತು, ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನು ತಿಂದಿದ್ದರು ಅಥವಾ ಯಾವ ಮಾತ್ರೆ ನುಂಗಿದ್ದರು, ರಾತ್ರಿ ನಿದ್ದೆ ಹೇಗಿತ್ತು. “ಮರೆವು ಜಾಸ್ತಿ” ಎಂದು ಬರೆಯಬೇಡಿ. “ಮಂಗಳವಾರ ಸಂಜೆ 6ಕ್ಕೆ ತಮ್ಮನ ಮಗಳ ಮದುವೆ ಯಾವಾಗ ಎಂದು 20 ನಿಮಿಷದಲ್ಲಿ ಮೂರು ಸಲ ಕೇಳಿದರು” ಎಂದು ಬರೆಯಿರಿ. ಮೊದಲನೆಯದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಗಂಟೆ ಬರೆಯಲೇಬೇಕು. ವಯಸ್ಸಾದವರ ಮಿದುಳು ಬೆಳಿಗ್ಗೆ ಚುರುಕು, ಸಂಜೆ ಮಂದ. ಹತ್ತೊಂಬತ್ತರ ಹುಡುಗನದು ಸರಿಯಾಗಿ ಉಲ್ಟಾ. ಬ್ಯಾಂಕು, ನೋಂದಣಿ ಕಚೇರಿ, ವೈದ್ಯರ ಭೇಟಿ ಎಲ್ಲವನ್ನೂ ಬೆಳಿಗ್ಗೆ 9ರಿಂದ 12ರೊಳಗೆ ಇಟ್ಟುಕೊಂಡರೆ ಅವರ ನಿಜವಾದ ಸಾಮರ್ಥ್ಯ ಕಾಣುತ್ತದೆ. ಹೊತ್ತು ಇಳಿದಂತೆ ದಿನಾ ಗಲಿಬಿಲಿ, “ಮನೆಗೆ ಹೋಗೋಣ” ಎಂದು ಸ್ವಂತ ಮನೆಯಲ್ಲೇ ಹಟ ಹಿಡಿಯುವುದು ಕಂಡರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ಪುಸ್ತಕದ ಕೊನೆಯ ಪುಟದಲ್ಲಿ ಕೆಲವು ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಉತ್ತರ ಬರೆಯಿರಿ. ಎಲ್ಲಕ್ಕೂ ಒಂದೇ ಷರತ್ತು: ಕಳೆದ ಕೆಲ ವರ್ಷಗಳಲ್ಲಿ ಬದಲಾವಣೆ ಆಗಿದೆಯೇ? ಹಣದ ವಿಷಯದಲ್ಲಿ ತೀರ್ಮಾನ ಕೆಟ್ಟಿದೆಯೇ? ಇಷ್ಟದ ಕೆಲಸದಲ್ಲಿ, ಭಜನೆಯೋ ಪತ್ರಿಕೆಯೋ ಕೈತೋಟವೋ, ಆಸಕ್ತಿ ಬತ್ತಿದೆಯೇ? ಹೇಳಿದ್ದೇ ಹೇಳುತ್ತಾರೆಯೇ? ರಿಮೋಟು, ಮಿಕ್ಸಿಯಂಥ ಸಾಮಾನು ಬಳಸಲು ತಡಕಾಡುತ್ತಾರೆಯೇ? ತಿಂಗಳು, ವರ್ಷ ತಪ್ಪುತ್ತದೆಯೇ? ಪಿಂಚಣಿ, ಬಿಲ್ಲುಗಳ ಲೆಕ್ಕ ಕೈ ತಪ್ಪಿದೆಯೇ? ಹೋಗಬೇಕಾದ ಕಾರ್ಯಕ್ರಮ ಮರೆಯುತ್ತಾರೆಯೇ? ದಿನನಿತ್ಯವೂ ಯೋಚನೆ, ನೆನಪಿನ ತೊಡಕು ಇದೆಯೇ? ಎರಡಕ್ಕಿಂತ ಹೆಚ್ಚು ಹೌದು ಬಂದರೆ ಖಂಡಿತ, ಎರಡೇ ಬಂದರೂ ವೈದ್ಯರಿಗೆ ತೋರಿಸಿ. ಇದನ್ನು ತುಂಬಬೇಕಾದವರು ಜೊತೆಯಲ್ಲಿ ವಾಸಿಸುವವರು, ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುವ ಮಗನಲ್ಲ. ಹತ್ತು ನಿಮಿಷದ ಕಾಲ್‌ನಲ್ಲಿ ಎಂಥವರೂ ನಗುತ್ತಾ “ಎಲ್ಲಾ ಚೆನ್ನಾಗಿದೆ” ಎಂದು ನಿಭಾಯಿಸಬಲ್ಲರು.

ಹಂತ 3: ಮಾತ್ರೆಯ ಚೀಲ

ಮನೆಯ ಎಲ್ಲಾ ಮೂಲೆಯ ಮಾತ್ರೆ, ಸಿರಪ್ಪು, ಲೇಹ್ಯ, ಚೂರ್ಣ, ಕಣ್ಣಿನ ಹನಿಗಳನ್ನೂ ಸೇರಿಸಿ, ವೈದ್ಯರಿಗೆ ತೋರಿಸಲು, ಒಂದು ಚೀಲಕ್ಕೆ ಹಾಕಿ. ಪಟ್ಟಿ ಬೇಡ, ಚೀಲವೇ ಬೇಕು. ಪಟ್ಟಿಯಲ್ಲಿ ಬಿಟ್ಟುಹೋಗುವುದೇ ಅಪರಾಧಿ ಆಗಿರುತ್ತದೆ.

ಹುಡುಕಬೇಕಾದ ಮೊದಲ ಗುಂಪು, ಬಾಯಿ ಒಣಗಿಸುವ ಮಾತ್ರೆಗಳು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೇ ಇವು ತಡೆಯುತ್ತವೆ. ನೆಗಡಿ, ತುರಿಕೆಯ ಕ್ಲೋರ್ಫೆನಿರಮೈನ್, ಫೆನಿರಮೈನ್; ನರನೋವು, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್; ನಡುಕದ ಟ್ರೈಹೆಕ್ಸಿಫೆನಿಡಿಲ್; ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್; ಹೊಟ್ಟೆನೋವಿನ ಡೈಸೈಕ್ಲೊಮಿನ್. ನಲವತ್ತರವರಿಗೆ ಒಂದು ರಾತ್ರಿಯ ತೂಕಡಿಕೆ ತರುವ ಗುಳಿಗೆ ಎಪ್ಪತ್ತೈದರವರಿಗೆ ಮೂರು ದಿನದ ಗಲಿಬಿಲಿ ತರಬಹುದು, ಏಕೆಂದರೆ ಔಷಧ ಹೊರಹಾಕುವ ಮೂತ್ರಪಿಂಡ, ಯಕೃತ್ತುಗಳ ವೇಗವೂ ಇಳಿದಿರುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ತಡವಾಗುವುದು, ಮರೆವು ನಾಲ್ಕೂ ಒಟ್ಟಿಗೆ ಕಂಡರೆ ಅನುಮಾನ ಬಹುಮಟ್ಟಿಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಎರಡನೆಯದು ನಿದ್ದೆ ಮಾತ್ರೆ: ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್. ಗಂಡ ತೀರಿಕೊಂಡ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು ಹದಿನೈದು ವರ್ಷ ನಡೆದಿರುತ್ತದೆ. ಆದರೆ ಇವನ್ನು ಓದಿದ ತಕ್ಷಣ ಕಸಕ್ಕೆ ಎಸೆಯಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ನಿದ್ದೆ ಪೂರ್ತಿ ಹಾರಬಹುದು. ವೈದ್ಯರ ಉಸ್ತುವಾರಿಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚೂರುಚೂರೇ ಇಳಿಸಬೇಕು.

ಮೂರನೆಯದು ಎರಡೆರಡು ಸಲ ಬರೆದಿರುವುದು. ಹೃದಯದವರು ಒಂದು ಹೆಸರಿನಲ್ಲಿ, ಊರಿನ ವೈದ್ಯರು ಇನ್ನೊಂದು ಹೆಸರಿನಲ್ಲಿ ಒಂದೇ ಔಷಧ ಕೊಟ್ಟಿರುತ್ತಾರೆ. ಸ್ಟ್ರಿಪ್ಪಿನ ಮೇಲಿನ ದಪ್ಪಕ್ಷರ ಬಿಟ್ಟು ಕೆಳಗಿನ ಸಣ್ಣ ಅಕ್ಷರದ ರಾಸಾಯನಿಕ ಹೆಸರನ್ನು ಹೋಲಿಸಿ.

ಹಂತ 4: ಕಿವಿ, ಕಣ್ಣು

ಕೇಳಿಸದೇ ಇದ್ದದ್ದು ನೆನಪಿನಲ್ಲಿ ಕೂರುವುದು ಹೇಗೆ? ಮನೆಯವರು ಮರೆವು ಎನ್ನುವುದರಲ್ಲಿ ಎಷ್ಟೋ ಪಾಲು ಕಿವುಡು. ಗುರುತಿಸುವ ಬಗೆ: ಟಿವಿ ಸದ್ದು ಏರುತ್ತಿದೆ, ಗಂಡಸರ ಮಾತು ತಿಳಿಯುತ್ತದೆ, ಹೆಂಗಸರ, ಮಕ್ಕಳ ಮಾತು ತಿಳಿಯುವುದಿಲ್ಲ, ಮದುವೆ ಮನೆಯ ಗದ್ದಲದಲ್ಲಿ ಸುಮ್ಮನೆ ತಲೆಯಾಡಿಸುತ್ತಾರೆ. ಮೊದಲು ಗುಗ್ಗೆ ತೆಗೆಸಿ. ಹೇರ್‌ಪಿನ್ನು, ಬೆಂಕಿಕಡ್ಡಿ, ಕಾಯಿಸಿದ ಎಣ್ಣೆ ಬೇಡ. ಆಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ 1960ರ ದಶಕದಿಂದ ಇದೆ. ಬಡತನ ರೇಖೆಗಿಂತ ಕೆಳಗಿನ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ, ಕನ್ನಡಕ ಉಚಿತ.

ಯಂತ್ರ ತಂದು ಡ್ರಾಯರಿನಲ್ಲಿ ಇಡುವುದು ನಮ್ಮಲ್ಲಿ ಮಾಮೂಲು, ಕಾರಣ ಮೊದಲ ದಿನವೇ ಎಂಟು ಗಂಟೆ ಹಾಕಿಸುವುದು. ವರ್ಷಗಳ ಮೌನದ ನಂತರ ಪಾತ್ರೆ ಸದ್ದೂ ಸಿಡಿಲಿನಂತೆ ಕೇಳುತ್ತದೆ. ಮೊದಲ ವಾರ ಮನೆಯೊಳಗೆ, ಒಬ್ಬರೊಂದಿಗೆ ಮಾತಾಡುವಾಗ ಮಾತ್ರ, ದಿನಕ್ಕೆ ಒಂದೆರಡು ಗಂಟೆ. ನಂತರ ಟಿವಿ, ಆಮೇಲೆ ಅಂಗಳ, ಕೊನೆಗೆ ಮದುವೆ ಮನೆ. ಮೂರು ನಾಲ್ಕು ವಾರಕ್ಕೆ ಯಂತ್ರದ ಸೆಟ್ಟಿಂಗ್ ತಿದ್ದಿಸಲು ಮತ್ತೆ ಹೋಗಲೇಬೇಕು.

ಕಣ್ಣಿನದು ಸರಳ: ಪೊರೆ ಇದ್ದರೆ ತೆಗೆಸಿ.

ಹಂತ 5: ರಕ್ತ ಪರೀಕ್ಷೆ

ಕೇಳಬೇಕಾದದ್ದು ಇಷ್ಟು: ಹಿಮೋಗ್ಲೋಬಿನ್ ಸೇರಿದ ಪೂರ್ಣ ರಕ್ತ ಎಣಿಕೆ, ವಿಟಮಿನ್ ಬಿ12, ಥೈರಾಯ್ಡ್ ನೋಡುವ ಟಿಎಸ್‌ಎಚ್, ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ, ಮೂತ್ರಪಿಂಡ ನೋಡುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಸಕ್ಕರೆ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ. ಸಂದರ್ಭ ನೋಡಿ ವೈದ್ಯರು ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಸೇರಿಸಬಹುದು, ಅದಕ್ಕೆ ಅವಮಾನ ಪಡಬೇಕಿಲ್ಲ. ಅರವತ್ತು ಪರೀಕ್ಷೆಗಳ ‘ಫುಲ್ ಬಾಡಿ ಪ್ಯಾಕೇಜು’ ಬೇಡ. ಅದರಲ್ಲಿ ಬೇಡದ್ದು ಐವತ್ತು ಇದ್ದು ಬಿ12 ಇಲ್ಲದಿರುವುದೂ ಉಂಟು.

ಬಿ12ರ ಬಗ್ಗೆ ಸ್ವಲ್ಪ ನಿಲ್ಲಬೇಕು. ಸಸ್ಯಾಹಾರಿ ಮನೆಗಳಲ್ಲಿ ಇದರ ಮೂಲ ಹಾಲು, ಮೊಸರು ಮಾತ್ರ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಆಹಾರದಿಂದ ಬಿ12 ಬಿಡಿಸಿಕೊಳ್ಳುವುದೂ ಕಷ್ಟ. ಇದರ ಮೇಲೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್, ಗ್ಯಾಸಿಗೆಂದು ದಿನಾ ಪ್ಯಾಂಟೊಪ್ರಜೋಲ್. ಮೂರೂ ಸೇರಿದ ದೇಹದಲ್ಲಿ ಕೊರತೆ ಇಲ್ಲದಿದ್ದರೆ ಆಶ್ಚರ್ಯ. ಪ್ರತಿ ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗೆ ಕೊರತೆ, 200ರಿಂದ 300 ಅಂಚು. ಅಂಗಾಲು ಜುಮ್ಮೆನ್ನುವುದು, ಕತ್ತಲಲ್ಲಿ ತೂರಾಡುವುದು ಜೊತೆಗಿದ್ದರೆ ಅಂಚಿನ ಸಂಖ್ಯೆಯನ್ನೂ ಗಂಭೀರವಾಗಿ ನೋಡಬೇಕು.

ಇಲ್ಲಿ ಆಗುವ ತಪ್ಪು ಮೂರು. ಪರೀಕ್ಷೆಗೆ ಮೊದಲೇ ವಿಟಮಿನ್ ಮಾತ್ರೆ ಶುರುಮಾಡಿ, ರಕ್ತದಲ್ಲಿ ಸಂಖ್ಯೆ ಏರಿಸಿಕೊಂಡು, ‘ನಾರ್ಮಲ್’ ಎಂದು ಸಮಾಧಾನ ಪಡುವುದು. ರಕ್ತಹೀನತೆಗೆಂದು ಬರೀ ಫೋಲಿಕ್ ಆಸಿಡ್ ಕೊಡುವುದು. ಅದರಿಂದ ರಕ್ತ ಸರಿಹೋಗುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಮೂರನೆಯದು, ಐದಾರು ಇಂಜೆಕ್ಷನ್ ಹಾಕಿಸಿ ಮೈಗೆ ಲವಲವಿಕೆ ಬಂದ ಕೂಡಲೇ ಬಿಟ್ಟುಬಿಡುವುದು. ಸಾಮಾನ್ಯವಾಗಿ 1000 ಮೈಕ್ರೋಗ್ರಾಂನ ಇಂಜೆಕ್ಷನ್ ಮೊದಲು ದಿನಾ ಅಥವಾ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಎಂದು ನಡೆಯುತ್ತದೆ. ಹೀರಿಕೊಳ್ಳುವ ಶಕ್ತಿಯೇ ಹೋಗಿದ್ದರೆ ಅದು ಜೀವಮಾನದ ಲೆಕ್ಕ. ಕೊರತೆ ಬಹಳ ಹಳೆಯದಾಗಿದ್ದರೆ ನೆನಪು ಪೂರ್ತಿ ವಾಪಸು ಬರದಿರಬಹುದು, ಅದಕ್ಕೇ ಬೇಗ ನೋಡಬೇಕು ಎನ್ನುವುದು.

ಥೈರಾಯ್ಡಿನಲ್ಲಿ ವಯಸ್ಸಿನ ಲೆಕ್ಕ ಬೇರೆ. ಟಿಎಸ್‌ಎಚ್ ವಯಸ್ಸಾದಂತೆ ತಾನೇ ಸ್ವಲ್ಪ ಏರುತ್ತದೆ. ಎಂಬತ್ತರವರಿಗೆ 6 ಬಂತೆಂದು ಮಾತ್ರೆ ಶುರುಮಾಡುವ ಅವಸರ ಬೇಡ. 10ರೊಳಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ಮೊದಲು ನಿಲ್ಲಿಸಿ, ಅದು ಥೈರಾಯ್ಡ್ ಪರೀಕ್ಷೆಯ ಸಂಖ್ಯೆಯನ್ನೇ ಕೆಡಿಸುತ್ತದೆ.

ಹಂತ 6: ಮನಸ್ಸು ಮತ್ತು ನಿದ್ದೆ

ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ. ಒಂದು ಒರಟು ಗುರುತು: ಖಿನ್ನತೆಯವರು ತಾವೇ “ನನಗೆ ಏನೂ ನೆನಪಿರಲ್ಲ” ಎಂದು ಕೊರಗುತ್ತಾರೆ, ಪ್ರಶ್ನೆ ಕೇಳಿದರೆ ಯೋಚಿಸದೆ “ಗೊತ್ತಿಲ್ಲ” ಎನ್ನುತ್ತಾರೆ. ಡಿಮೆನ್ಶಿಯಾದವರು ತಮಗೇನೂ ಆಗಿಲ್ಲವೆಂದು ಸಾಧಿಸುತ್ತಾರೆ, ತಪ್ಪಾದರೂ ಏನೋ ಒಂದು ಉತ್ತರ ಕೊಡುತ್ತಾರೆ, ಇಲ್ಲವೇ ಪಕ್ಕದಲ್ಲಿದ್ದವರ ಮುಖ ನೋಡುತ್ತಾರೆ. ನಿವೃತ್ತಿ, ಸಂಗಾತಿಯ ಸಾವು, ಊರು ಬಿಟ್ಟು ಮಗನ ಅಪಾರ್ಟ್‌ಮೆಂಟಿಗೆ ಬಂದದ್ದು, ಇವುಗಳ ತಾರೀಖನ್ನು ಪುಸ್ತಕದಲ್ಲಿ ಬರೆಯಿರಿ. ಮರೆವು ಅದರ ಬೆನ್ನಲ್ಲೇ ಬಂದಿದ್ದರೆ ಹೇಳಿ. ಎಪ್ಪತ್ತರ ಮೇಲೆ ಮೊದಲ ಬಾರಿ ಬಂದ ಖಿನ್ನತೆಗೆ ಚಿಕಿತ್ಸೆ ಕೊಡಲೇಬೇಕು, ಆದರೆ ಮರೆವಿನ ಮೇಲೂ ಕಣ್ಣಿಟ್ಟಿರಬೇಕು. ಕೆಲವರಲ್ಲಿ ಅದೇ ಡಿಮೆನ್ಶಿಯಾದ ಮುನ್ನುಡಿ.

ನಿದ್ದೆಯ ಗಡಿಯಾರ ವಯಸ್ಸಿನೊಂದಿಗೆ ಮುಂದಕ್ಕೆ ಸರಿಯುತ್ತದೆ: ರಾತ್ರಿ ಎಂಟಕ್ಕೆ ಕಣ್ಣು ಕೂರುತ್ತದೆ, ಮೂರಕ್ಕೆ ಎಚ್ಚರ. ಎಂಟಕ್ಕೆ ಮಲಗಿ ಮೂರಕ್ಕೆ ಎದ್ದವರು ಏಳು ಗಂಟೆ ಮಲಗಿದ್ದಾರೆ, ಅದು ನಿದ್ರಾಹೀನತೆಯಲ್ಲ, ಅದಕ್ಕೆ ಗುಳಿಗೆ ಬೇಡ. ಸಂಜೆ 5ರಿಂದ 6 ಬಿಸಿಲಿರುವಾಗ ಹೊರಗೆ ನಡೆದಾಡಿಸಿ, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸಿ, ಸಂಜೆಯ ಫಿಲ್ಟರ್ ಕಾಫಿಯನ್ನು ಕೈಬಿಡಿಸಿ. ಗಡಿಯಾರ ಅರ್ಧ ಮುಕ್ಕಾಲು ಗಂಟೆಯಾದರೂ ಹಿಂದಕ್ಕೆ ಬರುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತು ಏದುಸಿರು ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ.

ಹಂತ 7: ಪರೀಕ್ಷೆ ಮನೆಯಲ್ಲಿ ಬೇಡ, ಕ್ಲಿನಿಕ್ಕಿನಲ್ಲಿ

“ಇವತ್ತು ಯಾವ ವಾರ? ಪ್ರಧಾನಿ ಯಾರು?” ಎಂದು ದಿನಾ ಮಗ್ಗಿ ಒಪ್ಪಿಸಿದಂತೆ ಕೇಳುವುದು ಅವಮಾನ, ಉಪಯೋಗವೂ ಇಲ್ಲ. ಮೂರು ಪದ ಹೇಳಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುವ ಗಡಿಯಾರ ಬರೆಸಿ, ಮತ್ತೆ ಪದ ಕೇಳುವ ಪರೀಕ್ಷೆಯನ್ನು ವೈದ್ಯರು ಮಾಡುತ್ತಾರೆ. 5ಕ್ಕೆ 3ರ ಕೆಳಗೆ ಬಂದರೆ ಮುಂದಿನ ವಿವರ ಪರೀಕ್ಷೆ. ಅದನ್ನು ನೀವು ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿದರೆ ಕ್ಲಿನಿಕ್ಕಿನ ಅಂಕ ಸುಳ್ಳಾಗುತ್ತದೆ.

ಶಾಲೆಗೆ ಹೋಗದವರಿಗೆ ಗಡಿಯಾರ ಬರೆಯುವ ಪರೀಕ್ಷೆ ಅನ್ಯಾಯ. ತಾರೀಖು ಕೇಳುವುದೂ ಅಷ್ಟೇ. ಇಂಗ್ಲಿಷ್ ತಿಂಗಳು ಎಂದೂ ಬಳಸದ ರೈತನಿಗೆ “ಈಗ ಯಾವ ಮಳೆ ನಡೀತಿದೆ, ಆರಿದ್ರವೋ ಪುನರ್ವಸುವೋ?” ಎಂದು ಕೇಳಿದರೆ ಸರಿ ಉತ್ತರ ಬರುತ್ತದೆ. ಅಜ್ಜಿಗೆ ಹೋದ ಹಬ್ಬ ಯಾವುದು, ಬರುವ ಹಬ್ಬ ಯಾವುದು, ನಮ್ಮೂರ ಸಂತೆ ಯಾವ ವಾರ, ನೂರು ರೂಪಾಯಿ ಕೊಟ್ಟು ಮೂವತ್ತೈದರ ತರಕಾರಿ ತಂದರೆ ಉಳಿದದ್ದೆಷ್ಟು. ವೈದ್ಯರು ಹೊರಗಿನವರಾಗಿದ್ದರೆ ಇದನ್ನು ನೀವೇ ಸೂಚಿಸಿ. ಪರೀಕ್ಷೆ ಮನೆಮಾತಿನಲ್ಲೇ ನಡೆಯಬೇಕು. ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನವರು ಕನ್ನಡದಲ್ಲಿ ಅಂಕ ಕಳೆದುಕೊಂಡರೆ ಅದು ಮರೆವಲ್ಲ.

ಮಿದುಳಿನ ಸ್ಕ್ಯಾನ್ ಒಂದು ಸಲ ಮಾಡಿಸಿದರೆ ಸಾಕು, ಪ್ರತಿ ವರ್ಷ ಬೇಡ. ವರದಿಯಲ್ಲಿ “ವಯಸ್ಸಿಗೆ ತಕ್ಕ ಕುಗ್ಗುವಿಕೆ” ಎಂದಿದ್ದರೆ ಅದು ಕಾಯಿಲೆಯ ಹೆಸರಲ್ಲ. ಕಾಲು ನೆಲಕ್ಕೆ ಅಂಟಿದಂಥ ನಡಿಗೆ, ಮೂತ್ರ ಹಿಡಿಯಲಾಗದಿರುವುದು, ಮರೆವು ಮೂರೂ ಇದ್ದರೆ ಮಿದುಳಿನಲ್ಲಿ ನೀರು ತುಂಬಿದೆಯೇ ಎಂದು ನಿರ್ದಿಷ್ಟವಾಗಿ ಕೇಳಿ. ನಳಿಕೆ ಹಾಕಿ ನೀರು ಇಳಿಸುವ ಶಸ್ತ್ರಚಿಕಿತ್ಸೆ ಇದೆ, ಮೊದಲು ಸುಧಾರಿಸುವುದು ನಡಿಗೆ.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮೂರ ಫಿಸಿಷಿಯನ್, ಇಲ್ಲಿಯವರೆಗಿನ ಹಂತಗಳಲ್ಲಿ ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಆಮೇಲೆ ನಿಮ್ಹಾನ್ಸ್, ಅಥವಾ ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನ ಜಿಲ್ಲಾ ಆಸ್ಪತ್ರೆಯ ಮಿದುಳು ಆರೋಗ್ಯ ಕ್ಲಿನಿಕ್. ಹಿರಿಯರ ಸಹಾಯವಾಣಿ 14567. ಆರೈಕೆ ಮಾಡುವವರೇ ಸೋತು ಕುಸಿದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು. ನೆನಪಿನ ಟಾನಿಕ್ಕಿಗೆ ಹಣ ಸುರಿಯಬೇಡಿ. ಗಿಂಕ್ಗೊ ಎಲೆಯ ಮಾತ್ರೆ ಡಿಮೆನ್ಶಿಯಾ ತಡೆಯುವುದಿಲ್ಲವೆಂದು 2008ರಲ್ಲೇ ದೊಡ್ಡ ಪರೀಕ್ಷೆಯಲ್ಲಿ ಗೊತ್ತಾಗಿದೆ.

ಚೀಲ ಹಿಡಿದು ಹೋಗುವ ಮಕ್ಕಳಿಗೆ

ಈ ಲೇಖನ ಓದುತ್ತಿರುವವರಿಗೆ ಬಹುಶಃ ನಲವತ್ತೈದೋ ಐವತ್ತೋ. ನಿಮ್ಮ ಸರದಿ ಈಗ. ಡಿಮೆನ್ಶಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಅಲ್ಝೈಮರ್‌ನ ಬದಲಾವಣೆ ಮಿದುಳಿನಲ್ಲಿ ಶುರುವಾಗುವುದು ಮರೆವು ಕಾಣುವ 15-20 ವರ್ಷ ಮೊದಲು. ಬೆಂಗಳೂರಿನ ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಸುತ್ತಿರುವ ದೀರ್ಘ ಅಧ್ಯಯನಕ್ಕೆ 45 ದಾಟಿದವರನ್ನೇ ಸೇರಿಸಿಕೊಳ್ಳುವುದು ಸುಮ್ಮನಲ್ಲ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಗುರುತಿಸಿದ, ಡಿಮೆನ್ಶಿಯಾದ ತಿದ್ದಬಹುದಾದ ಕಾರಣಗಳು 14. ಎಲ್ಲವನ್ನೂ ತಿದ್ದಿದರೆ ತಪ್ಪಿಸಬಹುದಾದದ್ದು ಅಥವಾ ಮುಂದೂಡಬಹುದಾದದ್ದು ಸುಮಾರು ಶೇ. 45. ಅದರಲ್ಲಿ ಹೆಚ್ಚು ತಲೆಯೊಳಗೆ ಇಟ್ಟುಕೊಳ್ಳಬೇಕಾದದ್ದು ಕಾರಣಗಳ ಪಟ್ಟಿಗಿಂತ ಅವುಗಳ ಹೊತ್ತು. ಶಾಲೆಯ ಓದು ಬಾಲ್ಯದಲ್ಲಿ. ಕಿವಿ, ಬಿಪಿ, ಸಕ್ಕರೆ, ಎಲ್‌ಡಿಎಲ್ ಕೊಲೆಸ್ಟರಾಲ್, ತೂಕ, ತಂಬಾಕು, ಹೆಚ್ಚಾದ ಮದ್ಯ, ತಲೆಪೆಟ್ಟು, ಖಿನ್ನತೆ, ಕೂತಲ್ಲೇ ಕೂರುವುದು ನಡುವಯಸ್ಸಿನಲ್ಲಿ. ಒಂಟಿತನ, ಕಣ್ಣು, ಕೆಟ್ಟ ಗಾಳಿ ಇಳಿವಯಸ್ಸಿನಲ್ಲಿ. ಹೊತ್ತು ತಪ್ಪಿದರೆ ಅದೇ ಸಂಖ್ಯೆಯ ಅರ್ಥ ಬದಲಾಗುತ್ತದೆ. ಐವತ್ತರಲ್ಲಿ 150ರ ಬಿಪಿ ಇಳಿಸಲೇಬೇಕು. ಎಂಬತ್ತೈದರ ಅಜ್ಜನಿಗೆ ಅದನ್ನು 110ಕ್ಕೆ ತಂದರೆ ಬಚ್ಚಲಲ್ಲಿ ಬೀಳುತ್ತಾರೆ. ಐವತ್ತರಲ್ಲಿ ಹೊಟ್ಟೆ ಕರಗಿದರೆ ಒಳ್ಳೆಯದು. ಎಪ್ಪತ್ತೈದರಲ್ಲಿ ತಾನಾಗಿ ಐದು ಕಿಲೋ ಇಳಿದರೆ ಕಾರಣ ಹುಡುಕಬೇಕು.

ಬಿಪಿಯನ್ನು ಮನೆಯಲ್ಲೇ ಅಳೆಯಿರಿ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಬೇಕು, ಮೂತ್ರ ಮುಗಿಸಿರಬೇಕು. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂತು ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಮೀರಿದರೆ ವೈದ್ಯರಿಗೆ ತೋರಿಸಿ. ಹಿರಿಯರಿಗೆ ಇನ್ನೊಂದು ಸೇರಿಸಿ: ಎದ್ದು ನಿಂತು 1 ಮತ್ತು 3 ನಿಮಿಷಕ್ಕೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆ ಹೆಚ್ಚಾಗಿರಬಹುದು.

ಮುಟ್ಟು ನಿಲ್ಲುವ ಕಾಲದ ಹೆಂಗಸರಿಗೆ ಒಂದು ಮಾತು. ಪದ ಸಿಗದಿರುವುದು, ಗಮನ ಚದುರುವುದು ಆ ಕೆಲವು ವರ್ಷಗಳಲ್ಲಿ ಬಹಳ ಸಾಮಾನ್ಯ, ರಾತ್ರಿ ಮೈ ಬಿಸಿಯೇರಿ ನಿದ್ದೆ ಕೆಟ್ಟಷ್ಟೂ ಹೆಚ್ಚು. ಬಹುಪಾಲು ಮಂದಿಗೆ ಅದು ಹಾಗೆಯೇ ಸರಿಹೋಗುತ್ತದೆ. ಡಿಮೆನ್ಶಿಯಾ ಎಂದು ಹೆದರುವ ಮೊದಲು ಟಿಎಸ್‌ಎಚ್, ಹಿಮೋಗ್ಲೋಬಿನ್ ನೋಡಿಸಿ.

ಎರಡು ಮೂರು ಭಾಷೆ ಆಡುವ ನಮ್ಮವರಿಗೆ ಒಂದು ಸಣ್ಣ ಲಾಭವೂ ಇರಬಹುದು. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದಂತೆ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತು, ಓದುಬರಹ ಬಾರದವರಲ್ಲೂ. ಇದನ್ನು ನಂಬಿ ಬಿಪಿ ಮಾತ್ರೆ ಬಿಡಬೇಡಿ.

ಸಹಿ ನೆಟ್ಟಗಿರುವಾಗ

ರೋಗ ಡಿಮೆನ್ಶಿಯಾವೇ ಎಂದು ಗೊತ್ತಾದರೆ ಮೊದಲ ಆರು ತಿಂಗಳು ಅಮೂಲ್ಯ, ಏಕೆಂದರೆ ಅವರ ತೀರ್ಮಾನಕ್ಕೆ ಇನ್ನೂ ಬೆಲೆಯಿದೆ. ಬಹಳ ಜನ ಜಿಪಿಎ, ಅಂದರೆ ಅವರ ಪರವಾಗಿ ವಹಿವಾಟು ಮಾಡುವ ಅಧಿಕಾರ ಪತ್ರ, ಬರೆಸಿಕೊಂಡು ನಿಶ್ಚಿಂತರಾಗುತ್ತಾರೆ. ಅದು ದೊಡ್ಡ ತಪ್ಪು: ಭಾರತೀಯ ಕರಾರು ಕಾಯಿದೆಯ ಪ್ರಕಾರ ಬರೆದುಕೊಟ್ಟವರ ಚಿತ್ತ ಸ್ವಾಸ್ಥ್ಯ ಹೋದರೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ, ನಿಮಗೆ ಬೇಕಾದ ಹೊತ್ತಿಗೇ ಅದು ಇರುವುದಿಲ್ಲ. ಆಮೇಲೆ ಉಳಿಯುವುದು ಪಾಲಕರಾಗಿ ನೇಮಿಸಿ ಎಂದು ಹೈಕೋರ್ಟಿಗೆ ಹೋಗುವ ದಾರಿ. ಅದರ ಬದಲು ಈಗಲೇ ಬ್ಯಾಂಕ್ ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ’ ವಹಿವಾಟು ಮಾಡುವ ಜಂಟಿ ಖಾತೆಯಾಗಿಸಿ, ಠೇವಣಿ, ವಿಮೆ, ಪಿಂಚಣಿಯ ನಾಮಿನಿ ಪರಿಶೀಲಿಸಿ, ವಿಲ್ ಬರೆಸುವುದಿದ್ದರೆ ಅದೇ ದಿನಾಂಕದ, ಅವರಿಗೆ ತಿಳಿವಳಿಕೆ ಇದೆ ಎನ್ನುವ ವೈದ್ಯರ ಪತ್ರದೊಂದಿಗೆ ನೋಂದಾಯಿಸಿ. ಯುಪಿಐ ಇದ್ದರೆ ದಿನದ ಮಿತಿ ಇಳಿಸಿ, ದೊಡ್ಡ ಮೊತ್ತದ ಖಾತೆಯನ್ನು ಅದರಿಂದ ಬೇರ್ಪಡಿಸಿ. ನೋಂದಣಿ ಕಚೇರಿಯ ಸಮಯವನ್ನು ಬೆಳಿಗ್ಗೆ ಹನ್ನೊಂದಕ್ಕೇ ಕೇಳಿ, ಹಿಂದಿನ ರಾತ್ರಿ ನೆಗಡಿ ಮಾತ್ರೆ ಕೊಡಬೇಡಿ, ಶ್ರವಣಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ.